ಪ್ರಿನ್ಸ್ ಆಫ್ ವೇಲ್ಸ್ ಕೋಟೆ: ನಲವತ್ತು ವರ್ಷ ಕಟ್ಟಿದ ಗೋಡೆ ಒಂದು ಗುಂಡೂ ಹಾರದೆ ಶತ್ರುವಿನ ಕೈಸೇರಿದ್ದೇಕೆ?

ಹಳೆನಕ್ಷೆ (ಚರ್ಚೆ ಆರಂಭಿಸಿದವರು)

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಚರ್ಚಿಲ್ ನದಿ ಹಡ್ಸನ್ ಕೊಲ್ಲಿಯನ್ನು ಸೇರುವ ಅಳಿವೆಯ ಪಶ್ಚಿಮ ದಂಡೆಯ ಮೇಲೆ, ಪ್ರಿನ್ಸ್ ಆಫ್ ವೇಲ್ಸ್ ಎಂಬ ಕಲ್ಲುಕೋಟೆಯಿದೆ. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಲಂಡನ್ನಿನ ಹಡ್ಸನ್ಸ್ ಬೇ ಕಂಪನಿ ಇದರ ಕೆಲಸವನ್ನು 1731ರಲ್ಲಿ ಆರಂಭಿಸಿತು. ಮುಗಿಯುವ ಹೊತ್ತಿಗೆ 1771 ಬಂದಿತ್ತು. ನಾಲ್ಕು ಮೂಲೆಗಳಲ್ಲಿ ಮೊನಚಾದ ಕೊತ್ತಲಗಳು, ಒಂದೊಂದು ಬದಿಗೂ ಸುಮಾರು ಮುನ್ನೂರು ಅಡಿ ಉದ್ದ, ಗೋಡೆಯ ಮೇಲೆ ಸುಮಾರು ನಲವತ್ತು ಫಿರಂಗಿಗಳು. ಇಷ್ಟೆಲ್ಲ ಆದ ಹನ್ನೊಂದೇ ವರ್ಷಕ್ಕೆ, 1782ರ ಆಗಸ್ಟ್‌ನಲ್ಲಿ, ಫ್ರೆಂಚ್ ನೌಕಾಧಿಕಾರಿ ಲಾ ಪೆರೂಸ್ ಮೂರು ಹಡಗುಗಳೊಂದಿಗೆ ಬಂದು ನಿಂತಾಗ, ಕೋಟೆಯ ಅಧಿಕಾರಿ ಸ್ಯಾಮ್ಯುಯಲ್ ಹರ್ನ್ ಒಂದು ಗುಂಡನ್ನೂ ಹಾರಿಸದೆ ಬಾಗಿಲು ತೆರೆದ.

ಈ ಘಟನೆಯನ್ನು ಹರ್ನ್‌ನ ಹೇಡಿತನವೆಂದು ಹೇಳಿ ಮುಗಿಸುವವರು ಅಂದಿನಿಂದಲೂ ಇದ್ದಾರೆ. ನನಗೆ ಆ ವಿವರಣೆ ಒಪ್ಪಿಗೆಯಾಗುವುದಿಲ್ಲ. ಒಬ್ಬ ಮನುಷ್ಯನ ಎದೆಗಾರಿಕೆಗಿಂತ ಆ ಕೋಟೆಯನ್ನು ಯಾರು, ಯಾವ ಭಯಕ್ಕೆ, ಯಾರ ದುಡ್ಡಿನಲ್ಲಿ ಕಟ್ಟಿಸಿದರು ಎಂಬುದರಲ್ಲೇ ಉತ್ತರವಿದೆಯೆಂದು ನನ್ನ ಅನಿಸಿಕೆ. ಬಲ್ಲವರು ದಯವಿಟ್ಟು ಬರೆಯಿರಿ.

ವಿನ್ನಿಪೆಗ್‌ವಾಸಿ

ನಾನು ಇದೇ ಪ್ರಾಂತ್ಯದಲ್ಲಿ ಉದ್ಯೋಗದಲ್ಲಿರುವುದರಿಂದ ಆ ಜಾಗವನ್ನು ನೋಡಿದ್ದೇನೆ. ಕೋಟೆಯ ಚರಿತ್ರೆಗಿಂತ ಮೊದಲು ಅದರ ನೆಲದ ವಿಷಯ ಹೇಳಬೇಕು. ಚರ್ಚಿಲ್ ಪಟ್ಟಣಕ್ಕೆ ಇಂದಿಗೂ ಡಾಂಬರು ರಸ್ತೆ ಹೋಗುವುದಿಲ್ಲ. ರೈಲಿನಲ್ಲಿ ಎರಡು ದಿನ ಕುಳಿತು ಹೋಗಬೇಕು, ಇಲ್ಲವೇ ವಿಮಾನ ಹಿಡಿಯಬೇಕು. ಪಟ್ಟಣವಿರುವುದು ನದಿಯ ಪೂರ್ವ ದಂಡೆಯಲ್ಲಿ, ಕೋಟೆಯಿರುವುದು ಎದುರು ದಂಡೆಯಲ್ಲಿ. ಹಾಗಾಗಿ ಬೇಸಿಗೆಯ ಕೆಲವೇ ವಾರಗಳಲ್ಲಿ, ಉಬ್ಬರ ಇಳಿತ ನೋಡಿಕೊಂಡು, ದೋಣಿಯಲ್ಲಿ ದಾಟಬೇಕಾಗುತ್ತದೆ. ಹಿಮಕರಡಿಗಳ ಓಡಾಟವಿರುವುದರಿಂದ ಜೊತೆಯಲ್ಲಿ ಬಂದೂಕು ಹಿಡಿದ ಕಾವಲುಗಾರರು ಬರುತ್ತಾರೆ. ನದಿಯಲ್ಲಿ ಬಿಳಿ ಬೆಲುಗಾ ತಿಮಿಂಗಿಲಗಳು ದೋಣಿಯ ಪಕ್ಕದಲ್ಲೇ ಬೆನ್ನು ತೋರಿಸಿ ಮುಳುಗುತ್ತವೆ.

ಕೋಟೆಯ ಹತ್ತಿರ ನಿಂತರೆ ಮೊದಲು ಗಮನಕ್ಕೆ ಬರುವುದು ಅದರ ಎತ್ತರವಲ್ಲ, ದಪ್ಪ. ಗೋಡೆ ಹದಿನೇಳು ಅಡಿಯಷ್ಟೇ ಎತ್ತರವಿದೆ, ಆದರೆ ಅದರ ಮೇಲೆ ಎರಡು ಎತ್ತಿನಗಾಡಿಗಳು ಎದುರುಬದುರಾಗಿ ಸರಾಗವಾಗಿ ಹೋಗಬಹುದು. ಸುತ್ತಮುತ್ತ ಕಣ್ಣು ಹಾಯಿಸಿದಷ್ಟೂ ಬಂಡೆ, ಪಾಚಿ, ಮೊಣಕಾಲೆತ್ತರದ ಪೊದೆ. ಸೌದೆಗೆ ಯೋಗ್ಯವಾದ ಮರ ಹತ್ತಿರದಲ್ಲೆಲ್ಲೂ ಇಲ್ಲ. ಅಂಥಲ್ಲಿ ಚಳಿಗಾಲವಿಡೀ ಒಲೆ ಉರಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಕೊಲ್ಲಿಯ ನೀರು ವರ್ಷದ ಹೆಚ್ಚಿನ ಕಾಲ ಮಂಜುಗಡ್ಡೆಯಾಗಿರುತ್ತಿದ್ದುದರಿಂದ ಲಂಡನ್ನಿನಿಂದ ವರ್ಷಕ್ಕೊಮ್ಮೆ ಮಾತ್ರ ಹಡಗು ಬರುತ್ತಿತ್ತು. ಕಾಗದ, ಸಂಬಳ, ಬೈಗುಳ, ಹಿಟ್ಟು, ಮದ್ದುಗುಂಡು, ಎಲ್ಲವೂ ಅದರಲ್ಲೇ ಬರಬೇಕಿತ್ತು.

ಗಾರೆಕೆಲಸ

ವೃತ್ತಿಯಿಂದ ಕಟ್ಟಡದ ಎಂಜಿನಿಯರ್ ಆಗಿರುವ ನನಗೆ ಈ ಕೋಟೆಯ ಕಥೆಯಲ್ಲಿ ಪ್ರಿಯವಾದ ವ್ಯಕ್ತಿ ಹರ್ನ್ ಅಲ್ಲ, ಲಾ ಪೆರೂಸನೂ ಅಲ್ಲ. ಜೋಸೆಫ್ ರಾಬ್ಸನ್ ಎಂಬ ಕಲ್ಲುಕೆಲಸದವನು. ಆತ 1733ರಿಂದ ಮೂರು ವರ್ಷ, ಮತ್ತೆ 1744ರಿಂದ ಮೂರು ವರ್ಷ ಕೊಲ್ಲಿಯಲ್ಲಿ ದುಡಿದು, ಊರಿಗೆ ಮರಳಿ 1752ರಲ್ಲಿ ಕಂಪನಿಯ ಮಾನ ಹರಾಜು ಹಾಕುವಂಥ ಪುಸ್ತಕವೊಂದನ್ನು ಪ್ರಕಟಿಸಿದ. ಅವನ ಮಾತುಗಳಲ್ಲಿ ಹಳೆಯ ಯಜಮಾನರ ಮೇಲಿನ ಸಿಟ್ಟು ಸಾಕಷ್ಟು ಬೆರೆತಿದೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಕೆಲಸ ಬಲ್ಲವನ ಕಣ್ಣು ಅದು.

ಅವನು ಹೇಳುವ ಪ್ರಕಾರ, ಮೂಲ ನಕ್ಷೆಯಲ್ಲಿ ಗೋಡೆಯ ಬುಡ 42 ಅಡಿ ದಪ್ಪವಿರಬೇಕೆಂದಿತ್ತು. ಸ್ಥಳದಲ್ಲಿದ್ದ ಅಧಿಕಾರಿ ಅದನ್ನು 25 ಅಡಿಗೆ ಇಳಿಸಿದ. ಕಾಗದದ ಮೇಲೆ ಇದು ಕಲ್ಲು, ಸುಣ್ಣ, ಕೂಲಿ ಮೂರನ್ನೂ ಉಳಿಸುವ ಜಾಣತನವೇ ಸರಿ. ಆದರೆ ಫಿರಂಗಿಯನ್ನು ಹಾರಿಸಿದಾಗ ಅದು ತನ್ನ ಗಾಡಿಸಮೇತ ಹಿಂದಕ್ಕೆ ಜಿಗಿಯುತ್ತದೆ, ಆ ಜಿಗಿತಕ್ಕೆ ಗೋಡೆಯ ಮೇಲೆ ಜಾಗ ಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪರೀಕ್ಷೆಗೆಂದು ಹಾರಿಸಿದಾಗ ಫಿರಂಗಿಗಳು ಹಿಂದೆ ಸರಿದು ಗೋಡೆಯಿಂದ ಒಳಗಿನ ಅಂಗಳಕ್ಕೆ ಉರುಳಿದವಂತೆ. ಹೀಗಾಗಿ ಕಟ್ಟಿದ್ದನ್ನು ಕೆಡವಿ ಮತ್ತೆ ದಪ್ಪನಾಗಿ ಕಟ್ಟಬೇಕಾಯಿತು. ನಲವತ್ತು ವರ್ಷ ಹೇಗೆ ಹಿಡಿಯಿತೆಂದು ಕೇಳುವವರಿಗೆ ಇದು ಅರ್ಧ ಉತ್ತರ. ಉಳಿದರ್ಧ ಹವೆಯದ್ದು: ಗಾರೆ ಹೆಪ್ಪುಗಟ್ಟದೆ ಕೂಡಿಕೊಳ್ಳುವಂಥ ದಿನಗಳು ಅಲ್ಲಿ ವರ್ಷದಲ್ಲಿ ಎರಡು ಮೂರು ತಿಂಗಳು ಸಿಕ್ಕರೆ ಹೆಚ್ಚು, ಆ ದಿನಗಳಲ್ಲೇ ಹಡಗಿನ ಸರಕು ಇಳಿಸುವುದು, ಹುಲ್ಲು ಕೊಯ್ಯುವುದು, ಬಾತು ಹೊಡೆದು ಉಪ್ಪು ಹಾಕುವುದೂ ಆಗಬೇಕು.

ಇನ್ನೊಂದು ದೋಷ ಜಾಗದ ಆಯ್ಕೆಯದು. ಕೋಟೆಯೊಂದರಿಂದಲೇ ಅಳಿವೆಯ ಬಾಯನ್ನು ಪೂರ್ತಿ ಕಾಯಲಾಗದೆಂದು ತಿಳಿದ ಮೇಲೆ, ಎದುರು ದಂಡೆಯ ಕೇಪ್ ಮೆರಿಯಲ್ಲಿ ಬೇರೆಯಾಗಿ ಒಂದು ಫಿರಂಗಿ ಬತೇರಿ ಕಟ್ಟಿದರು. ಕೋಟೆಯಲ್ಲಿ ಸೈನಿಕರೇ ಇರಲಿಲ್ಲ; ಕಾಯಲು ಜನರಿಲ್ಲದ ಬತೇರಿ ಶತ್ರುವಿನ ಕೈಗೆ ಸಿಕ್ಕರೆ ಅದೇ ಫಿರಂಗಿ ಕೋಟೆಯತ್ತ ತಿರುಗುವ ಅಪಾಯವೂ ಇತ್ತು.

ಮಲೆನಾಡಿಗ

ಒಂದು ಸಣ್ಣ ಪ್ರಶ್ನೆ. ಒಳಗೆ ಸೈನಿಕರೇ ಇರಲಿಲ್ಲವೆಂದರೆ ಇದನ್ನು ಸೈನಿಕ ಕೋಟೆ ಎಂದು ಏಕೆ ಕರೆಯಬೇಕು? ಅಂಗಡಿಗೆ ಕಲ್ಲಿನ ಪೌಳಿ ಹಾಕಿಸಿದಂತಾಯಿತಲ್ಲವೇ?

ಹಳೆನಕ್ಷೆ

ಮಲೆನಾಡಿಗರೇ, ಚರ್ಚೆಯ ತಿರುಳೇ ಅದು. ಕಂಪನಿಗೆ 1670ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಕೊಟ್ಟ ಸನ್ನದು ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ಇಡೀ ಜಲಾನಯನ ಪ್ರದೇಶವನ್ನೇ ಅದರ ಪಾಲಿಗೆ ಬರೆದುಕೊಟ್ಟಿತ್ತು. ಆ ಹಕ್ಕನ್ನು ಫ್ರೆಂಚರು ಮಾನ್ಯ ಮಾಡಲಿಲ್ಲ. 1697ರಲ್ಲಿ ಫ್ರೆಂಚ್ ನೌಕಾಧಿಕಾರಿ ಇಬರ್ವಿಲ್, ಕೊಲ್ಲಿಯ ದಡದಲ್ಲೇ ಕಂಪನಿಗಿದ್ದ ಯಾರ್ಕ್ ಫ್ಯಾಕ್ಟರಿ ಎಂಬ ಇನ್ನೊಂದು ವ್ಯಾಪಾರ ನೆಲೆಯನ್ನು ಗೆದ್ದುಕೊಂಡ ಮೇಲೆ 1713ರ ಯೂಟ್ರೆಕ್ಟ್ ಒಪ್ಪಂದದವರೆಗೂ ಅದು ಅವರ ಬಳಿಯೇ ಉಳಿದಿತ್ತು. ಆ ಪೆಟ್ಟಿನ ನೆನಪು ಲಂಡನ್ನಿನ ನಿರ್ದೇಶಕರನ್ನು ಬಿಟ್ಟಿರಲಿಲ್ಲ. ಯಾರ್ಕ್ ಫ್ಯಾಕ್ಟರಿ ಮರದ್ದು. ಆದ್ದರಿಂದ ಚರ್ಚಿಲ್‌ನಲ್ಲಿ, ಆಳವಾದ ಅಳಿವೆಯ ಬಳಿ, ಯುದ್ಧ ಬಂದರೆ ಹಡಗುಗಳೂ ಮಾಲೂ ಅಡಗಿಕೊಳ್ಳಬಹುದಾದ ಕಲ್ಲಿನ ಆಸರೆಯೊಂದು ಬೇಕೆನಿಸಿತು.

ಕೋಟೆ ಕಟ್ಟುವ ಖರ್ಚಿಗೆ ಕೊನೆಯೊಂದಿದೆ; ಪಡೆ ಸಾಕುವ ಖರ್ಚಿಗೆ ಕೊನೆಯೆಂಬುದಿಲ್ಲ. ಕಂಪನಿ ಮೊದಲನೆಯದನ್ನು ಮಾಡಿತು, ಎರಡನೆಯದನ್ನು ಎಂದೂ ಮಾಡಲಿಲ್ಲ. ಗೋಡೆಯೊಳಗಿದ್ದವರಲ್ಲಿ ಬಹುಪಾಲು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಂದ ಕಡಿಮೆ ಸಂಬಳಕ್ಕೆ ಒಪ್ಪಿ ಬಂದ ಕೂಲಿಗಳು, ಬಡಗಿಗಳು, ಕಮ್ಮಾರರು, ಗುಮಾಸ್ತರು. ಫಿರಂಗಿ ನಲವತ್ತು, ಆಳುಗಳೂ ಹೆಚ್ಚುಕಡಿಮೆ ನಲವತ್ತು. ಒಂದು ದೊಡ್ಡ ಫಿರಂಗಿಯನ್ನು ತುಂಬಿ, ಗುರಿಯಿಟ್ಟು, ಹಾರಿಸಿ, ಮತ್ತೆ ಎಳೆದು ನಿಲ್ಲಿಸಲು ಒಬ್ಬನಿಂದಾಗುವುದಿಲ್ಲವೆಂಬುದು ಯಾರಿಗಾದರೂ ತಿಳಿಯುತ್ತದೆ.

ಗಾರೆಕೆಲಸ

ಒಳಗಿನ ಬದುಕಿನ ಬಗ್ಗೆ ಒಂದು ಸಾಕ್ಷಿ ಸೇರಿಸುತ್ತೇನೆ. 1769ರ ಜೂನ್ 3ರಂದು ಸೂರ್ಯಬಿಂಬದ ಮುಂದೆ ಶುಕ್ರ ಹಾದುಹೋಗುವುದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿ ವಿಲಿಯಂ ವೇಲ್ಸ್ ಮತ್ತು ಜೋಸೆಫ್ ಡೈಮಂಡ್ ಎಂಬಿಬ್ಬರನ್ನು ಇದೇ ಕೋಟೆಗೆ ಕಳಿಸಿತು. ಹಡಗು ಬೇಸಿಗೆಯಲ್ಲಿ ಮಾತ್ರ ಬರುವುದರಿಂದ, ಕೆಲವು ಗಂಟೆಗಳ ವೀಕ್ಷಣೆಗಾಗಿ ಅವರು ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಬಂದು ಇಡೀ ಚಳಿಗಾಲ ಕಳೆಯಬೇಕಾಯಿತು. ವೇಲ್ಸ್ ಬರೆದಿಟ್ಟಿರುವಂತೆ, ಮೂರು ಗಜ ಅಗಲದ ಅವನ ಕೋಣೆಯಲ್ಲಿ ಬೆಂಕಿ ಸದಾ ಉರಿಯುತ್ತಿದ್ದರೂ ಪುಟ್ಟ ಗಡಿಯಾರ ಹೆಚ್ಚುವರಿ ತೂಕ ಕಟ್ಟದಿದ್ದರೆ ನಡೆಯುತ್ತಿರಲಿಲ್ಲ. ಮನೆಯ ಹೊರಗೋಡೆ ಮೂರಡಿ ದಪ್ಪದ ಕಲ್ಲಿನದು, ಅದಕ್ಕೆ ಒಳಗಡೆಯಿಂದ ಮೂರಂಗುಲ ಸಂದು ಬಿಟ್ಟು ಹಲಗೆ ಹೊಡೆದಿತ್ತು. ಹಾಗಿದ್ದೂ ಪ್ರತಿ ಬೆಳಗ್ಗೆ ಅವನ ಹಾಸಿಗೆ ಆ ಹಲಗೆಗೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತಿತ್ತು. ಶತ್ರುವನ್ನು ತಡೆಯಲು ಕಟ್ಟಿದ ಕಲ್ಲು ಚಳಿಯನ್ನು ತಡೆಯುವುದರಲ್ಲಿ ಮರಕ್ಕಿಂತ ಕಡೆ ಎಂಬುದನ್ನು ಅಲ್ಲಿ ಬಾಳಿದವರೆಲ್ಲ ತಿಳಿದಿದ್ದರು.

ಕಾವೇರಿತೀರ

ಇತಿಹಾಸ ಪಾಠ ಮಾಡುವವನಾಗಿ, 1782ನ್ನು ನಮ್ಮ ಕಡೆಯಿಂದಲೂ ನೋಡಬೇಕೆನ್ನುತ್ತೇನೆ, ಏಕೆಂದರೆ ಅದು ಎರಡು ಬೇರೆ ಯುದ್ಧಗಳ ವರ್ಷವಲ್ಲ. ಅಮೆರಿಕದ ವಸಾಹತುಗಳ ಬಂಡಾಯದಲ್ಲಿ ಫ್ರಾನ್ಸ್ ಸೇರಿಕೊಂಡ ಮೇಲೆ ಇಂಗ್ಲಿಷರೊಂದಿಗಿನ ಅದರ ಕಾದಾಟ ಸಮುದ್ರಗಳಿಗೆಲ್ಲ ಹರಡಿತು. ಆ ವರ್ಷದ ಜುಲೈ ಕೊನೆಯಲ್ಲಿ ಕಡಲೂರಿನ ಬಳಿ ಹೈದರಾಲಿ ಫ್ರೆಂಚ್ ನೌಕಾನಾಯಕ ಸಫ್ರೆನ್‌ನನ್ನು ಭೇಟಿಯಾದ. ಆಗಸ್ಟ್ ಮುಗಿಯುವಷ್ಟರಲ್ಲಿ ಸಫ್ರೆನ್ ಟ್ರಿಂಕೋಮಲಿಯನ್ನು ಹಿಡಿದಿದ್ದ. ಅದೇ ಆಗಸ್ಟ್‌ನಲ್ಲಿ ಅದೇ ರಾಜನ ಇನ್ನೊಬ್ಬ ಅಧಿಕಾರಿ ಹಿಮದ ಕೊಲ್ಲಿಯಲ್ಲಿ ಹರ್ನ್‌ನ ಬಾಗಿಲು ತಟ್ಟಿದ. ಎರಡೂ ಕಡೆ ಎದುರಾಳಿ ಲಂಡನ್ನಿನಲ್ಲಿ ಸನ್ನದು ಪಡೆದ ಒಂದೊಂದು ವ್ಯಾಪಾರಿ ಕಂಪನಿ. ವ್ಯತ್ಯಾಸವೆಂದರೆ ನಮ್ಮಲ್ಲಿಗೆ ಬಂದ ಕಂಪನಿ ಗುಡಾಣಗಳ ಜೊತೆಗೆ ಸೈನ್ಯವನ್ನೂ ಬೆಳೆಸಿತ್ತು, ಅಲ್ಲಿಯದು ಬೆಳೆಸಿರಲಿಲ್ಲ.

ಲಾ ಪೆರೂಸನ ದಂಡಯಾತ್ರೆ ಹೊರಟ ಹಿನ್ನೆಲೆಯೂ ಇದಕ್ಕೆ ಸೇರಿದೆ. ಏಪ್ರಿಲ್‌ನಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ಸ್ ಕದನದಲ್ಲಿ ಫ್ರೆಂಚರು ಹೀನಾಯವಾಗಿ ಸೋತಿದ್ದರು. ಮೇ 31ರಂದು ಅವನು ಈಗಿನ ಹೈಟಿಯ ಕಾಪ್ ಫ್ರಾನ್ಸೆ ಬಂದರಿನಿಂದ 74 ಫಿರಂಗಿಗಳ ‘ಸೆಪ್ತ್ರ್’ ಹಾಗೂ ‘ಆಸ್ತ್ರೇ’, ‘ಆಂಗಾಜಾಂತ್’ ಎಂಬೆರಡು ಫ್ರಿಗೇಟುಗಳೊಂದಿಗೆ ಗುಟ್ಟಾಗಿ ಉತ್ತರಕ್ಕೆ ಹೊರಟ. ನೆಲ ಗೆಲ್ಲುವುದು ಉದ್ದೇಶವಲ್ಲ. ಕಂಪನಿಯ ತುಪ್ಪಳದ ವ್ಯಾಪಾರವನ್ನು ಕೆಡಿಸುವುದಷ್ಟೇ ಉದ್ದೇಶ.

ನೇರನುಡಿ

ಎಲ್ಲರೂ ಹರ್ನ್‌ನ ಪರವಾಗಿ ವಾದಿಸುತ್ತಿರುವುದರಿಂದ ನಾನು ಎದುರು ಪಕ್ಷ ವಹಿಸುತ್ತೇನೆ. ಅವನನ್ನು ದೂರಿದವರು ದಾರಿಹೋಕರಲ್ಲ. ಅದೇ ತಿಂಗಳು ಯಾರ್ಕ್ ಫ್ಯಾಕ್ಟರಿಯಲ್ಲಿ ಸೆರೆಸಿಕ್ಕ ಎಡ್ವರ್ಡ್ ಅಂಫ್ರವಿಲ್ ಕಂಪನಿಯ ನೌಕರನಾಗಿದ್ದವನೇ, ಅವನು 1790ರಲ್ಲಿ ಬರೆದ ಪುಸ್ತಕದಲ್ಲಿ ಈ ಶರಣಾಗತಿಯನ್ನು ಖಂಡಿಸಿದ. 1784ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ಚರ್ಚಿಲ್‌ಗೆ ಬಂದು ಹರ್ನ್‌ನ ಕೈಕೆಳಗೆ ದುಡಿದ, ಮುಂದೆ ಮಹಾ ಭೂಮಾಪಕನೆಂದು ಹೆಸರಾದ ಡೇವಿಡ್ ಥಾಂಪ್ಸನ್ ಕೂಡ ಹರ್ನ್‌ನನ್ನು ಮೆಚ್ಚಲಿಲ್ಲ. ಫ್ರೆಂಚರ ಸ್ಥಿತಿಯೂ ಸುಖಕರವಾಗಿರಲಿಲ್ಲ: ಬೆಚ್ಚನೆಯ ಸಮುದ್ರದಿಂದ ನೇರವಾಗಿ ಮಂಜುಗಡ್ಡೆಯ ನಡುವೆ ಬಂದವರು, ಸ್ಕರ್ವಿ ರೋಗ ಕಾಡುತ್ತಿತ್ತು, ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಲ್ಲಿಯಿಂದ ಹೊರಬೀಳದಿದ್ದರೆ ಅವರಿಗೆ ಉಳಿಗಾಲವಿರಲಿಲ್ಲ. ಬಾಗಿಲು ಹಾಕಿಕೊಂಡು ಒಂದೆರಡು ವಾರ ಕುಳಿತಿದ್ದರೆ ಚಳಿಯೇ ಹರ್ನ್‌ನ ಸೇನಾಪತಿಯಾಗುತ್ತಿತ್ತು.

ಹಳೆನಕ್ಷೆ

ನೇರನುಡಿಯವರ ವಾದದಲ್ಲಿ ಹುರುಳಿದೆ, ಆದರೆ ಅಂದಿನ ರಾತ್ರಿಯ ಲೆಕ್ಕವನ್ನು ಹರ್ನ್‌ನ ಜಾಗದಲ್ಲಿ ನಿಂತು ಮಾಡೋಣ. ಆಗಸ್ಟ್ 8ರಂದು ಹಡಗುಗಳು ಕಾಣಿಸಿಕೊಂಡಾಗ ಅವನ ಬಳಿ ಇದ್ದವರು 38 ಮಂದಿ, ಯಾರೂ ಸೈನಿಕರಲ್ಲ. ಎದುರಿಗಿದ್ದವರು ಹಡಗಿನ ನಾವಿಕರನ್ನು ಬಿಟ್ಟು ಸುಮಾರು 290 ಸೈನಿಕರು. ಹರ್ನ್ ಹುಡುಗನಾಗಿದ್ದಾಗಲೇ ಇಂಗ್ಲಿಷ್ ನೌಕಾಪಡೆಗೆ ಸೇರಿ, ಏಳು ವರ್ಷಗಳ ಯುದ್ಧದಲ್ಲಿ ಸ್ಯಾಮ್ಯುಯಲ್ ಹುಡ್‌ನ ಹಡಗಿನಲ್ಲಿ ಕಾದಾಟ ಕಂಡಿದ್ದವನು. ಕೋಟೆಯೊಳಗೆ ಇತರರಿಗೆಲ್ಲ ಕೇಳಿ ಗೊತ್ತಿದ್ದುದು ಅವನಿಗೆ ನೋಡಿ ಗೊತ್ತಿತ್ತು.

ಫ್ರೆಂಚರು ರಾತ್ರಿಯೇ ದಡಕ್ಕಿಳಿದು ಬೆಳಗ್ಗೆ ಗೋಡೆಯತ್ತ ನಡೆದುಬಂದರು. ಮುನ್ನೂರು ಅಡಿಯ ನಾಲ್ಕು ಬದಿಗಳನ್ನು, ನಾಲ್ಕು ಕೊತ್ತಲಗಳನ್ನು 39 ಜನ ಹಗಲೂ ರಾತ್ರಿ ಕಾಯಬೇಕೆಂದರೆ ಒಂದು ಬದಿಗೆ ಹತ್ತು ಜನರೂ ಬಾರದು, ಅವರಲ್ಲಿ ಅರ್ಧ ಜನ ನಿದ್ದೆ ಮಾಡಬೇಕು. ಹದಿನೇಳು ಅಡಿಯ ಗೋಡೆ ಹತ್ತಲು ಏಣಿ ಸಾಕು. ಕೋಟೆ ದೊಡ್ಡದಾದಷ್ಟೂ ಅದರ ಒಳಗಿನ ಚಿಕ್ಕ ಗುಂಪು ಇನ್ನಷ್ಟು ನಿರ್ಬಲವಾಗುತ್ತದೆ, ಇದನ್ನು ಕಂಪನಿ ನಲವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಲಿಲ್ಲ. ಎರಡು ವಾರವಲ್ಲ, ಎರಡು ರಾತ್ರಿ ತಡೆಯುವುದೂ ಕಷ್ಟವಿತ್ತೆಂದೇ ನನ್ನ ತೀರ್ಮಾನ. ಅಂಫ್ರವಿಲ್ ಇದ್ದ ಯಾರ್ಕ್ ಫ್ಯಾಕ್ಟರಿಯೂ ಅದೇ ತಿಂಗಳ ಕೊನೆಯ ವಾರದಲ್ಲಿ, ಹಂಫ್ರಿ ಮಾರ್ಟನ್‌ನ ಆಡಳಿತದಲ್ಲಿ, ಅದೇ ಬಗೆಯಲ್ಲಿ ಶರಣಾಯಿತೆಂಬುದನ್ನೂ ಮರೆಯಬಾರದು.

ವಿನ್ನಿಪೆಗ್‌ವಾಸಿ

ಫ್ರೆಂಚರು ಫಿರಂಗಿಗಳ ಬತ್ತಿರಂಧ್ರಕ್ಕೆ ಮೊಳೆ ಬಡಿದು ಕೆಡಿಸಿದರು, ಒಳಗಿನ ಮನೆಗಳನ್ನು ಸುಟ್ಟರು, ಗೋಡೆಗೆ ಮದ್ದಿಟ್ಟರು. ಮೇಲಿನ ವರಸೆಯ ಕಲ್ಲುಗಳು ಹಾರಿದವೇ ಹೊರತು ಬುಡ ಅಲುಗಲಿಲ್ಲ. ರಾಬ್ಸನ್ ಹೇಳಿದ್ದ ದಪ್ಪ ಕೊನೆಗೂ ಉಪಯೋಗಕ್ಕೆ ಬಂತೆನ್ನಬೇಕು! ಹಿಂದೆ ಆರ್ಕ್ಟಿಕ್ ಸಾಗರದ ದಡದವರೆಗೆ ಮಾಡಿದ್ದ ತನ್ನ ಪಯಣದ ಹಸ್ತಪ್ರತಿಯನ್ನು ಹರ್ನ್ ಮರಳಿ ಪಡೆದದ್ದೂ ಆಗಲೇ. ಲಾ ಪೆರೂಸ್ ಅದನ್ನು ಓದಿ, ಪ್ರಕಟಿಸಬೇಕೆಂಬ ಷರತ್ತಿನ ಮೇಲೆ ಹಿಂದಿರುಗಿಸಿದ. ಅದು ಅಚ್ಚಾದದ್ದು 1795ರಲ್ಲಿ, ಹರ್ನ್ ತೀರಿಕೊಂಡು ಮೂರು ವರ್ಷವಾದ ಮೇಲೆ. ಅಷ್ಟರಲ್ಲಿ ಲಾ ಪೆರೂಸನೂ ಪೆಸಿಫಿಕ್ ಸಾಗರದಲ್ಲಿ ಹಡಗುಗಳ ಸಮೇತ ಕಾಣೆಯಾಗಿದ್ದ.

ಸಹ್ಯಾದ್ರಿಸುತೆ

ಇಲ್ಲಿಯವರೆಗಿನ ಬರಹಗಳಲ್ಲಿ ಗೋಡೆಯ ಒಳಗಿನವರ ವಿಚಾರವೇ ತುಂಬಿದೆ. ಹೊರಗಿನವರ ವಿಚಾರ ಬರಲೇ ಇಲ್ಲ. ಶರಣಾದ 39 ಜನರಲ್ಲಿ ಯಾರೂ ಅಂದು ಸಾಯಲಿಲ್ಲ. ಅವರನ್ನು ಹಡಗಿಗೆ ಹತ್ತಿಸಿಕೊಂಡು ಹೋದ ಮೇಲೆ ಉಳಿದವರ ಗತಿ ಏನಾಯಿತು?

ಈ ವ್ಯಾಪಾರ ನೆಲೆ ನಿಂತದ್ದೇ ಸ್ಥಳೀಯರ ಆಧಾರದ ಮೇಲೆ. ಕ್ರೀ ಜನರಿಗೂ ಡೆನೆ ಜನರಿಗೂ ಇದ್ದ ಹಗೆಯನ್ನು ತಣಿಸಿ ಡೆನೆಯವರನ್ನು ವ್ಯಾಪಾರಕ್ಕೆ ಕರೆತಂದವಳು ಥಾನಾಡೆಲ್ತರ್ ಎಂಬ ಡೆನೆ ತರುಣಿ. ಅವಳು 1717ರ ಫೆಬ್ರವರಿಯಲ್ಲಿ ತೀರಿಕೊಂಡಳು, ಅದೇ ವರ್ಷ ಜೇಮ್ಸ್ ನೈಟ್ ಚರ್ಚಿಲ್ ನದಿಯ ಮೇಲೆ ಮರದ ಮೊದಲ ನೆಲೆಯನ್ನು ಕಟ್ಟಿದ. ಕೋಟೆಯ ಸುತ್ತ ಡೇರೆ ಹಾಕಿಕೊಂಡಿದ್ದ ಕ್ರೀ ಕುಟುಂಬಗಳು ಬಾತು, ಮಾಂಸ ಒದಗಿಸುತ್ತಿದ್ದವು. ಹೆಂಗಸರು ಮಂಜುಗಡ್ಡೆಯ ಮೇಲೆ ನಡೆಯುವ ಬಲೆಪಾದುಕೆಗಳನ್ನು ಹೆಣೆಯುತ್ತಿದ್ದರು, ಕಂಪನಿಯ ನೌಕರರೊಂದಿಗೆ ಸಂಸಾರ ಹೂಡಿದವರೂ ಅನೇಕರು. ಎರಡು ಮೂರು ತಲೆಮಾರುಗಳಲ್ಲಿ ಮದ್ದುಗುಂಡಿಲ್ಲದೆ ಬೇಟೆಯಾಡುವ ಬದುಕು ಅವರಿಗೂ ದೂರವಾಗಿತ್ತು. ಅದರ ಮೇಲೆ 1781ರಿಂದ ಸಿಡುಬು ಒಳನಾಡಿನಲ್ಲಿ ಹರಡುತ್ತ ಬಂದಿತ್ತು.

ಹರ್ನ್‌ನೇ ಬರೆದಿಟ್ಟಿರುವಂತೆ, ಹಿಂದಿನ ಅಧಿಕಾರಿ ಮೋಸಸ್ ನಾರ್ಟನ್‌ನ ಮಗಳು, ಹರ್ನ್ ಅತಿಯಾಗಿ ಪ್ರೀತಿಸಿದ ಮೇರಿ ನಾರ್ಟನ್, ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತಳು. ಅವಳಿಗೆ ಇಪ್ಪತ್ತೆರಡು ವರ್ಷ. 1770ರಿಂದ 1772ರವರೆಗೆ ಹರ್ನ್‌ನನ್ನು ಕಾಪರ್‌ಮೈನ್ ನದಿಯ ಮುಖದವರೆಗೆ, ಆರ್ಕ್ಟಿಕ್ ಸಾಗರದ ದಡದವರೆಗೆ ಕರೆದೊಯ್ದು ಜೀವಸಹಿತ ಮರಳಿಸಿದ ಡೆನೆ ನಾಯಕ ಮಟೋನಬಿ, ಕೋಟೆ ಬಿದ್ದ ಸುದ್ದಿ ಕೇಳಿ ನೇಣು ಹಾಕಿಕೊಂಡ. ಅವನ ಆರು ಹೆಂಡಂದಿರೂ ನಾಲ್ಕು ಮಕ್ಕಳೂ ಅದೇ ಚಳಿಗಾಲದಲ್ಲಿ ಹಸಿದು ಸತ್ತರು. ಒಂದು ಗುಂಡೂ ಹಾರದ ಯುದ್ಧದ ಸಾವಿನ ಲೆಕ್ಕ ಇದು. ಲಾ ಪೆರೂಸ್ ಸ್ವಲ್ಪ ಆಹಾರ, ಮದ್ದು ಬಿಟ್ಟುಹೋದನೆಂದು ಅವನ ಉದಾರತೆಯನ್ನು ಯುರೋಪಿನಲ್ಲಿ ಹೊಗಳಿದರು. ಆದರೆ ಅವನು ಕೆಡಿಸಲು ಬಂದದ್ದು ಈ ಜನ ನೆಚ್ಚಿಕೊಂಡಿದ್ದ ವ್ಯಾಪಾರವನ್ನೇ.

ನೇರನುಡಿ

ಸಹ್ಯಾದ್ರಿಸುತೆಯವರ ಬರಹದ ಮುಂದೆ ಹರ್ನ್ ಹೇಡಿಯೋ ಅಲ್ಲವೋ ಎಂಬ ನನ್ನ ವಾದ ಚಿಕ್ಕದಾಗಿ ಕಾಣುತ್ತದೆಂದು ಒಪ್ಪುತ್ತೇನೆ. ಆದರೂ ಅವನು ತಡೆದು ನಿಂತಿದ್ದರೆ ಈ ಸಾವುಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವೇ ಎಂಬ ಪ್ರಶ್ನೆಯನ್ನು ನಾನು ಬಿಟ್ಟುಕೊಡುವುದಿಲ್ಲ.

ಮಲೆನಾಡಿಗ

ಈಗ ಕೋಟೆ ಯಾವ ಸ್ಥಿತಿಯಲ್ಲಿದೆ? ದುರಸ್ತಿ ಆಗಿದೆಯೇ?

ವಿನ್ನಿಪೆಗ್‌ವಾಸಿ

1920ರಲ್ಲಿ ಕೆನಡಾ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. 1929ರಲ್ಲಿ ರೈಲು ಹಳಿ ಚರ್ಚಿಲ್ ಮುಟ್ಟಿದ ಮೇಲೆ, 1930ರ ದಶಕದಲ್ಲಿ, ಬಿದ್ದ ಕಲ್ಲುಗಳನ್ನು ಎತ್ತಿ ಗೋಡೆ ಸರಿಪಡಿಸಿದರು, ಫಿರಂಗಿಗಳನ್ನು ಮೇಲೆ ಕೂರಿಸಿದರು. ಪ್ರತಿ ಚಳಿಗಾಲದಲ್ಲೂ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಹೊರದೂಡುವುದರಿಂದ ದುರಸ್ತಿಗೆ ಮುಗಿವೆಂಬುದಿಲ್ಲ.

ಹೋಗುವವರು ಹತ್ತಿರದ ಸ್ಲೂಪ್ ಕೋವ್ ಎಂಬ ಜಾಗವನ್ನು ತಪ್ಪದೆ ನೋಡಬೇಕು. ಕಂಪನಿಯ ಚಿಕ್ಕ ಹಡಗುಗಳು ಚಳಿಗಾಲ ಕಳೆಯುತ್ತಿದ್ದ ಕೊರಕಲು ಅದು. ಬಂಡೆಯಲ್ಲಿ ಹಡಗು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿವೆ, 1741ರಲ್ಲಿ ಅಲ್ಲಿ ಚಳಿಗಾಲ ಕಳೆದ ‘ಫರ್ನೇಸ್’, ‘ಡಿಸ್ಕವರಿ’ ಹಡಗುಗಳ ಹೆಸರುಗಳಿವೆ, ‘ಎಸ್. ಹರ್ನ್’ ಎಂಬ ಹೆಸರೂ 1767ರ ಜುಲೈ 1 ಎಂಬ ದಿನಾಂಕವೂ ಚೆಂದದ ಅಕ್ಷರಗಳಲ್ಲಿ ಕೊರೆದಿವೆ. ಆದರೆ ಇಂದು ಅಲ್ಲಿಗೆ ದೋಣಿಯೂ ಬರಲಾರದು, ಹುಲ್ಲು ಬೆಳೆದಿದೆ. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ಆ ನೆಲ ಇನ್ನೂ ಮೇಲೇಳುತ್ತಲೇ ಇದೆ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು. ಹರ್ನ್‌ನ ಕಾಲಕ್ಕಿಂತ ದಡ ಎರಡು ಮೀಟರಿಗೂ ಮೇಲೆ ಬಂದಿದೆಯೆಂದಾಯಿತು.

ಹಳೆನಕ್ಷೆ

ನನ್ನ ಮೂಲ ಪ್ರಶ್ನೆಗೆ ಕಂಪನಿಯೇ ಕೊಟ್ಟ ಉತ್ತರವೊಂದಿದೆ, ಅದನ್ನು ಇಲ್ಲಿ ಸೇರಿಸುತ್ತೇನೆ. ಶಾಂತಿಯಾಗುತ್ತಿದ್ದಂತೆ 1783ರಲ್ಲಿ ಹರ್ನ್‌ನನ್ನೇ ಮತ್ತೆ ಚರ್ಚಿಲ್‌ಗೆ ಕಳಿಸಿದರು. ಹೇಡಿಯೆಂದು ಎಣಿಸಿದವನನ್ನು ಯಾವ ಯಜಮಾನರೂ ಅದೇ ಹುದ್ದೆಗೆ ಮರಳಿ ಕಳಿಸುವುದಿಲ್ಲ. ಬುಡ ಗಟ್ಟಿಯಾಗಿಯೇ ಇದ್ದ ಕಲ್ಲುಕೋಟೆಯನ್ನು ಅವನು ದುರಸ್ತಿ ಮಾಡಲು ಹೋಗಲಿಲ್ಲ, ಮಾಡೆಂದು ಲಂಡನ್ನಿನಿಂದ ಒತ್ತಾಯವೂ ಬರಲಿಲ್ಲ. ನದಿಯ ಮೇಲ್ಭಾಗದಲ್ಲಿ, 1717ರಲ್ಲಿ ನೈಟ್ ಆರಿಸಿದ್ದ ಹಳೆಯ ಜಾಗದಲ್ಲೇ, ಗಾಳಿಯ ಮರೆಯಲ್ಲಿ, ಮರದ ಮನೆ ಕಟ್ಟಿಕೊಂಡು ವ್ಯಾಪಾರ ಆರಂಭಿಸಿದ. ಇಪ್ಪತ್ತನೆಯ ಶತಮಾನದವರೆಗೂ ಕಂಪನಿಯ ಚರ್ಚಿಲ್ ವಹಿವಾಟು ನಡೆದದ್ದು ಫಿರಂಗಿಯ ಗೋಡೆಯಿಲ್ಲದೆಯೇ.